ಕಲಾಯಿಯ ಕೆಳಗಿನ ಹಾಡು

ನಮ್ಮೂರಿನಲ್ಲಿ ಒಂದು ತಪೇಲಿಗೆ ಬರೀ ಕಲಾಯಿ ಹಾಕಿಸಿದರೆ ನಲವತ್ತು ರೂಪಾಯಿ. ಹಾಡಿನ ಸಮೇತ ಆದರೆ ಎಂಬತ್ತು. ಮದುವೆಗೆ ಕೊಡುವ ಪಾತ್ರೆಗಳಾದರೆ ಸೋಬಾನೆಯವರನ್ನು ಕರೆಸಬೇಕು, ಅವರು ಕೇಳಿದಷ್ಟು ಕೊಡಬೇಕು, ಮೇಲೊಂದು ಕುಪ್ಪಸದ ಬಟ್ಟೆ. ಎಲ್ಲಕ್ಕಿಂತ ತುಟ್ಟಿ ಎಂದರೆ ಸದ್ದಿಲ್ಲದ ಕಲಾಯಿ. ತವರ ಹರಡುವಷ್ಟು ಹೊತ್ತು ಇಡೀ ಓಣಿ ಬಾಯಿ ಮುಚ್ಚಿಕೊಂಡು ಇರಬೇಕಲ್ಲ, ಅದು ನಮ್ಮ ಓಣಿಯಲ್ಲಿ ಪುಕ್ಕಟೆ ಆಗುವ ಕೆಲಸವಲ್ಲ. ಅಂಥದ್ದನ್ನು ಊರಿನಲ್ಲಿ ಒಬ್ಬಿಬ್ಬರು ಸಾಹುಕಾರರು ಮಾತ್ರ ಮಾಡಿಸಿದ್ದಾರೆ, ಅದೂ ಜಂಬಕ್ಕೆ.

ಕಾದ ಪಾತ್ರೆಯಲ್ಲಿ ತವರ ಕರಗಿ ಹರಡುವಾಗ ಹತ್ತಿರ ಇದ್ದವರು ಏನು ಅಂದರೋ ಅದು ಪಾತ್ರೆಗೆ ಅಂಟಿಬಿಡುತ್ತದೆ. ಆಮೇಲೆ ನೀರಿಟ್ಟು ಒಲೆ ಹಚ್ಚಿದಾಗಲೆಲ್ಲ ಪಾತ್ರೆ ಅದನ್ನೇ ಹೇಳುತ್ತದೆ. ಹೊರಗಿನವರಿಗೆ ಸೋಜಿಗ, ನಮಗೆ ದಿನದ ತಾಪತ್ರಯ. ನಮ್ಮ ಪಕ್ಕದ ಮನೆಯ ಹಾಲಿನ ಪಾತ್ರೆಗೆ ನಾಯಿ ಬೊಗಳಿದ್ದು ಅಂಟಿದೆ, ಆ ಮನೆಯ ಮಕ್ಕಳು ಅದು ಬೊಗಳದೆ ಹಾಲು ಕುಡಿಯುವುದಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಅಡುಗೆಮನೆಗೆ ಹೋಗಿ ಒಂದು ತಪೇಲಿ ನೀರು ಕಾಯಿಸಿ ಅಂತಾರೆ. ಮನೆ ತುಂಬ ಬರೀ ಸ್ಟೀಲು ಇಟ್ಟುಕೊಂಡವರನ್ನು ಕಂಡರೆ ನಮ್ಮ ಜನಕ್ಕೆ ಸಂಶಯ. ಸ್ಟೀಲು ಮಾತಾಡುವುದಿಲ್ಲ, ಇವರು ಏನನ್ನು ಮುಚ್ಚಿಡುತ್ತಿದ್ದಾರೆ ಅಂತ.

ನನ್ನದು ಬಸ್ ನಿಲ್ದಾಣದ ಹಿಂದೆ ಒಂದು ಖಾನಾವಳಿ. ರೊಟ್ಟಿ, ಎರಡು ಪಲ್ಯ, ಅನ್ನ, ಸಾರು, ಕೇಳಿದರೆ ಮೊಸರು. ಯಜಮಾನರು ಹೋಗಿ ಎಂಟು ವರ್ಷವಾಯಿತು, ಆದರೆ ಬೋರ್ಡಿನ ಮೇಲೆ ಇನ್ನೂ ಅವರ ಹೆಸರೇ ಇದೆ, ಕೊಟ್ರಪ್ಪನ ಖಾನಾವಳಿ. ಬೋರ್ಡು ಮಾತ್ರವಲ್ಲ, ಒಳಗೆ ಒಂದು ದೊಡ್ಡ ಹಿತ್ತಾಳೆ ಕೊಳಗವಿದೆ, ಅದರಲ್ಲೂ ಅವರೇ ಇದ್ದಾರೆ. ಖಾನಾವಳಿ ಶುರು ಮಾಡಿದಾಗ ಹಳೇ ಪಾತ್ರೆಯ ಸಂತೆಯಲ್ಲಿ ಅದನ್ನು ಕೊಂಡೆವು. ವರ್ಷ ವರ್ಷ ಕಲಾಯಿ ಹಾಕಿಸುತ್ತಿದ್ದರು, ಆದರೆ ಹಾಡಿಗೆಂದು ದುಡ್ಡು ಬಿಚ್ಚುವ ಪೈಕಿ ಅಲ್ಲ. ತಾವೇ ಭಟ್ಟಿಯ ಪಕ್ಕ ನಿಂತು ಕೆಲಸ ಮುಗಿಯುವವರೆಗೂ ಕಲಾಯಿಯವನ ಜೊತೆ ಚೌಕಾಸಿ ಮಾಡುತ್ತಿದ್ದರು. ಆ ಚೌಕಾಸಿಯೇ ಅಂಟಿತು. ಮರುವರ್ಷದ ಕಲಾಯಿ ಅದರ ಮೇಲೆ ಕೂತಿತು, ಅದರಲ್ಲೂ ಚೌಕಾಸಿ. ಹೀಗೆ ಪದರದ ಮೇಲೆ ಪದರ.

ಅವರು ಹೋದಮೇಲೆ ನಾನು ಆ ಕೊಳಗಕ್ಕೆ ಕಲಾಯಿ ಹಾಕಿಸಲಿಲ್ಲ. ಹಾಕಿಸಿದರೆ ದನಿ ಮುಚ್ಚಿಹೋಗುತ್ತದೆ. ಕಲಾಯಿ ಸವೆದ ಹಿತ್ತಾಳೆಯಲ್ಲಿ ಸಾರು ಕುದಿಸುವಂತಿಲ್ಲ, ಕಿಲುಬು ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಕೈ ತೊಳೆಯುವುದಕ್ಕೆ, ತಟ್ಟೆ ತೊಳೆಯುವುದಕ್ಕೆ ಬಿಸಿನೀರು ಕಾಯಿಸಲು ಇಟ್ಟುಕೊಂಡೆ. ಹನ್ನೊಂದರ ಸುಮಾರಿಗೆ ಕೊಳಗ ಬಿಸಿಯಾಗಿ, ಈ ದರಕ್ಕ ಭಟ್ಟಿನಽ ಕೊಂಡಕೊಂಡ ಹೋಗಬಹುದಲ್ಲೋ, ಅಂತ ಯಜಮಾನರು ಶುರು ಮಾಡಿದರೆ ಸುತ್ತಲಿನ ಅಂಗಡಿಯವರು ಊಟಕ್ಕೆ ಏಳುತ್ತಿದ್ದರು. ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ನನಗೂ ಅಷ್ಟೆ. ಆ ದನಿ ಕೇಳಿದರೆ ಒಲೆಯ ಮುಂದೆ ಒಬ್ಬಳೇ ಇದ್ದೇನೆ ಅನ್ನಿಸುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಆ ಕೊಳಗದ ತಳದಲ್ಲಿ ಒಂದು ಕಡೆ ಸೌಟು ತಿಕ್ಕಿ ತಿಕ್ಕಿ ಮೇಲಿನ ಪದರಗಳೆಲ್ಲ ಸವೆದಿದ್ದವು. ಒಂದು ದಿನ ಹೂವಪ್ಪ ಊಟಕ್ಕೆ ಕೂತಿದ್ದ. ಹೂವಪ್ಪ ಬಸ್ಸಿನ ಕಂಡಕ್ಟರು, ನಮ್ಮಲ್ಲಿ ದಿನಾ ಉಣ್ಣುವವನು, ಬಾಯಲ್ಲಿ ರೊಟ್ಟಿ ಇದ್ದರೂ ಮಾತು ನಿಲ್ಲಿಸದವನು. ಅಂಥವನು ತುತ್ತು ಕೆಳಗಿಟ್ಟು ಕೊಳಗದ ಕಡೆ ಕಿವಿಗೊಟ್ಟ. ಯಜಮಾನರು ಚೌಕಾಸಿಯ ನಡುವೆ ಉಸಿರು ತೆಗೆದುಕೊಳ್ಳುವ ಕಡೆ, ಅವರ ಹಿಂದೆ ಎಲ್ಲೋ ಒಂದು ಹೆಣ್ಣು ದನಿ ಹಾಡುತ್ತಿತ್ತು.

ಎದ್ದು ನೋಡಿದರ ಬಾಗಿಲಾಗ ಚಪ್ಪಲಿಲ್ಲ,
ಹೌದು, ಎದ್ದು ನೋಡಿದರ ಬಾಗಿಲಾಗ ಚಪ್ಪಲಿಲ್ಲ,
ಹೋಗಾಂವ ಹ್ವಾದ, ನನ್ನ ಚಪ್ಪಲಿ ಯಾಕ ಒಯ್ದ.

ಅಷ್ಟರಲ್ಲಿ ಯಜಮಾನರು ಮತ್ತೆ ಶುರು ಮಾಡಿದರು, ಹಾಡು ಮುಳುಗಿಹೋಯಿತು. ಹೂವಪ್ಪ ನನ್ನ ಮುಖ ನೋಡಿದ. ಸೋಬಾನೆಯಲ್ಲ, ಜೋಗುಳವಲ್ಲ, ದೇವರ ಪದವಲ್ಲ. ಒಂದು ಸಾಲನ್ನು ಎರಡು ಸಲ ಹಾಡಿ, ಮೂರನೆಯದರಲ್ಲಿ ತನ್ನ ಮಾತಿಗೆ ತಾನೇ ಉತ್ತರ ಕೊಡುವ ಹಾಡು. ಸಂಕಟದ್ದೇ, ಆದರೆ ಅಳುಬುರುಕ ಸಂಕಟವಲ್ಲ. ಕೇಳಿದರೆ ನಗು ಬರುತ್ತಿತ್ತು.

ಮೌಲಾಲಿಯನ್ನು ಕರೆಸಿದೆ. ಈಗ ನಮ್ಮೂರಿಗೆಲ್ಲ ಕಲಾಯಿ ಹಾಕುವವನು ಅವನೇ. ಯಜಮಾನರು ಚೌಕಾಸಿ ಮಾಡಿದ್ದು ಅವನ ಅಪ್ಪನ ಜೊತೆ. ಕೊಳಗದ ಬಾಯಿಗೆ ಕಿವಿಕೊಟ್ಟು ಕೇಳಿದ. ಇದು ಎಲ್ಲದರ ಕೆಳಗಿನ ಪದರ, ನೀವು ಕೊಳ್ಳುವುದಕ್ಕೆ ಮುಂಚಿನದು, ನಮ್ಮಜ್ಜ ಕೆರೆಯ ದಂಡೆಯಲ್ಲಿ ಭಟ್ಟಿ ಇಟ್ಟಿದ್ದನಲ್ಲ ಆಗಿನದು ಅಂದ. ಆ ಭಟ್ಟಿಯಲ್ಲಿ ಗಾಳಿ ಊದುವ ತಿದಿ ಒತ್ತುವುದಕ್ಕೆ ಒಬ್ಬ ಹೆಂಗಸು ಇದ್ದಳಂತೆ. ತಿದಿ ಒತ್ತುತ್ತ ತನ್ನ ಪಾಡಿಗೆ ತಾನು ಹಾಡುತ್ತಿದ್ದಳಂತೆ. ಹಾಡಿನವರಿಗೆ ಕೊಡಲು ದುಡ್ಡಿಲ್ಲದವರ ಪಾತ್ರೆಗಳಿಗೆ ಅವಳ ಹಾಡು ಪುಕ್ಕಟೆ ಅಂಟುತ್ತಿತ್ತು. ಅವರ ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ, ಮನೆಯಲ್ಲಿ ಇಂಥ ಹಾಡು ಬೇಡವೆಂದು ಮೇಲೆ ಒಂದು ಮಂಗಳದ ಹಾಡು ಹಾಕಿಸಿ ಮುಚ್ಚಿಬಿಡುತ್ತಿದ್ದರು. ತಿದಿ ಫಕ್ಕೀರವ್ವ ಅಂತ ಅವಳ ಹೆಸರು. ಮೌಲಾಲಿ ನೋಡಿದ್ದಿಲ್ಲ, ಅಪ್ಪ ಹೇಳಿದ್ದು ಕೇಳಿದ್ದ.

ಹೂವಪ್ಪನಿಗೆ ಹುಚ್ಚು ಹಿಡಿಯಿತು. ಅವನ ಬಸ್ಸು ಹೋಗುವ ಊರೂರಿನಲ್ಲಿ, ಅಟ್ಟದ ಮೇಲೆ ಬಿದ್ದ ಹಳೇ ಹಿತ್ತಾಳೆ ಇದ್ದರೆ ಕೊಡಿ, ಕಲಾಯಿ ಪುಕ್ಕಟೆ ಮಾಡಿಸಿ ತಂದುಕೊಡುತ್ತೇನೆ ಅಂತ ಕೇಳತೊಡಗಿದ. ಬಸ್ಸಿನ ಹಿಂದಿನ ಸೀಟು ಪಾತ್ರೆಗಳ ಪಾಲಾಯಿತು. ನನ್ನ ಹಿತ್ತಲಲ್ಲಿ ಮೌಲಾಲಿ ಭಟ್ಟಿ ಹೂಡಿದ.

ಕಲಾಯಿ ಹಾಕುವುದು ಅವನಿಗೆ ಗೊತ್ತಿತ್ತು, ಪದರ ಪದರವಾಗಿ ತೆಗೆಯುವುದನ್ನು ಯಾರೂ ಮಾಡಿರಲಿಲ್ಲ. ಮೊದಲ ಪಾತ್ರೆಗೆ ಬೆಂಕಿ ಹೆಚ್ಚಾಗಿ ಎಲ್ಲ ಪದರಗಳೂ ಒಟ್ಟಿಗೆ ಕರಗಿದವು, ಮೂರು ತಲೆಮಾರಿನವರು ಒಂದೇ ಸಲ ಬಾಯಿ ಮಾಡಿ ಮುಗಿಸಿಬಿಟ್ಟರು. ಆಮೇಲೆ ಹದ ಸಿಕ್ಕಿತು. ಹುಣಸೆ ಹಚ್ಚಿ ಉಜ್ಜಿ, ಬೆಂಕಿ ಸಣ್ಣಗಿಟ್ಟು, ಮೇಲಿನ ತವರ ಬೆವರಿದಂತೆ ಆದಾಗ ಅರಳೆಯಿಂದ ಒಂದು ಒರೆಸು. ಒರೆಸುವ ಮುಂಚೆ ಆ ಪದರ ತನ್ನಲ್ಲಿದ್ದದ್ದನ್ನು ಒಂದು ಸಲ ಹೇಳುತ್ತದೆ. ಒರೆಸಿದ ಮೇಲೆ ಅದು ಇಲ್ಲ. ಇದನ್ನು ಮೊದಲೇ ಮನೆಯವರಿಗೆ ತಿಳಿಸು ಎಂದು ನಾನು ಹೂವಪ್ಪನಿಗೆ ತಾಕೀತು ಮಾಡಿದ್ದೆ. ಹೆಚ್ಚಿನವರು, ಆ ಸೋಬಾನೆ ಹೋದರೆ ಹೋಯಿತು ಬಿಡಿ, ನಮಗೂ ಬೇಸರ ಬಂದಿದೆ ಅಂದರು. ಒಬ್ಬ ಮುದುಕಿ ಮಾತ್ರ, ಅದರಲ್ಲಿ ನನ್ನ ತಂಗಿ ಕೆಮ್ಮಿದ್ದಾಳೆ ಅಂತ ತಪೇಲಿಯನ್ನು ತಿರುಗಿ ಇಸಿದುಕೊಂಡಳು. ಕೊಟ್ಟು ಕಳಿಸಿದೆವು.

ಒಂದೊಂದೇ ಪಾತ್ರೆಯಲ್ಲಿ ಫಕ್ಕೀರವ್ವ ಮೇಲೆ ಬಂದಳು. ಬಾಡಿಗೆ ಮನೆಯ ಸೋರುವ ಮಾಡಿನ ಮೇಲೊಂದು ಹಾಡು, ಭಟ್ಟಿಯ ಕಿಡಿ ಸೀರೆ ಸುಟ್ಟದ್ದರ ಮೇಲೊಂದು, ಸಾಲ ಕೊಟ್ಟವನ ಮೀಸೆಯ ಮೇಲೆ ಇನ್ನೊಂದು. ಪ್ರತಿ ಹಾಡಿನ ಕೆಳಗೂ ತಿದಿಯ ಉಸಿರು, ಹುಸ್ ಅಂತ ಒಳಗೆ, ಹುಸ್ ಅಂತ ಹೊರಗೆ. ಮಧ್ಯಾಹ್ನದ ಊಟ ಮುಗಿದಮೇಲೆ ಹಿತ್ತಲಲ್ಲಿ ಪಾತ್ರೆಗಳನ್ನು ಸಾಲಾಗಿ ಒಲೆಗಿಟ್ಟರೆ ಕೇಳಲು ಜನ ಸೇರುತ್ತಿದ್ದರು. ಹೊಲಿಗೆ ಕ್ಲಾಸಿನ ಹುಡುಗಿಯರಂತೂ ಮೀಸೆಯ ಹಾಡನ್ನು ಬೀದಿಯಲ್ಲೇ ಹಾಡಿಕೊಂಡು ಹೋದರು. ಬೇಡವೆಂದು ಯಾವ ಅಜ್ಜಿಯರು ಮುಚ್ಚಿಸಿದ್ದರೋ ಅವರ ಮೊಮ್ಮಕ್ಕಳೇ.

ಆದರೆ ಒಂದು ಹಾಡೂ ಪೂರ್ತಿ ಇರಲಿಲ್ಲ. ಹಾಡು ಕಾವಿಗೇರುವ ಹೊತ್ತಿಗೆ ಮೌಲಾಲಿಯ ಅಜ್ಜ ಸಾಕು ಅಂತ ಕೂಗುತ್ತಿದ್ದ, ತಿದಿ ನಿಲ್ಲುತ್ತಿತ್ತು, ಅವಳೂ ನಿಲ್ಲುತ್ತಿದ್ದಳು. ತಪೇಲಿಗೆ, ತಂಬಿಗೆಗೆ ಎಷ್ಟು ಹೊತ್ತು ತವರ ಹಚ್ಚುತ್ತಾರೆ? ಬಡವರ ಪಾತ್ರೆಗಳು ಸಣ್ಣವು, ಆದ್ದರಿಂದ ಅವಳ ಹಾಡುಗಳೂ ತುಂಡಾದವು. ಒಂದು ಹಾಡು ಮೊದಲಿಂದ ಕೊನೆಯವರೆಗೆ ಇರಬೇಕಾದರೆ ಆ ಪಾತ್ರೆ ಬಹಳ ದೊಡ್ಡದಿರಬೇಕು. ಅಂಥದ್ದು ಸಿಕ್ಕಿದ್ದು ಒಂದೇ. ಅದು ನನ್ನ ಕೊಳಗ. ಇದು ಮೌಲಾಲಿಗೆ ಗೊತ್ತಾಯಿತು, ಹೂವಪ್ಪನಿಗೆ ಗೊತ್ತಾಯಿತು, ನನಗೂ ಗೊತ್ತಾಯಿತು. ಆ ಹಾಡು ಬೇಕಾದರೆ ಯಜಮಾನರ ಪದರಗಳನ್ನು ಒರೆಸಬೇಕು. ಹೂವಪ್ಪ ಕೊಳಗದ ಕಡೆ ನೋಡಿ ಆಮೇಲೆ ಪಲ್ಯ ಹೊಗಳುತ್ತಿದ್ದ. ಎಂಟು ವರ್ಷ ಅವನು ನನ್ನ ಪಲ್ಯ ಹೊಗಳಿದವನಲ್ಲ.

ಅಷ್ಟರಲ್ಲಿ ಫಕ್ಕೀರವ್ವ ಸಿಕ್ಕಳು. ಸತ್ತಿರಬೇಕು ಅಂತ ನಾವೆಲ್ಲ ಲೆಕ್ಕ ಹಾಕಿದ್ದೆವು. ಹೂವಪ್ಪನ ಬಸ್ಸಿನಲ್ಲೇ ಸಿಕ್ಕಳು, ಎಷ್ಟೋ ವರ್ಷದಿಂದ ಅದರಲ್ಲೇ ಓಡಾಡುತ್ತಿದ್ದಳಂತೆ. ಎಣ್ಣೆ ಗಾಣದ ಊರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದು ಶೇಂಗಾ ಬಿಡಿಸುತ್ತಿದ್ದಳು. ಆವತ್ತು ಚಿಲ್ಲರೆಗಾಗಿ ಹೂವಪ್ಪನನ್ನು ಬೈದಳಂತೆ, ಒಂದೇ ಮಾತನ್ನು ಎರಡು ಸಲ, ಮೂರನೆಯ ಸಲ ಒಂದು ಕುಟುಕು. ಆ ಧಾಟಿ ಕೇಳಿದ ಇವನು ಟಿಕೆಟ್ ಹರಿಯುವುದನ್ನು ಬಿಟ್ಟು, ಅವ್ವಾ ನೀ ತಿದಿ ಒತ್ತತಿದ್ದೇನ ಅಂತ ಕೇಳಿದ. ಆಕೆ ಹೇಳಿದ್ದನ್ನು ಅವನು ಈಗಲೂ ಹೇಳಿಕೊಂಡು ನಗುತ್ತಾನೆ. "ಒತ್ತತಿದ್ನಿ. ಅದಕ್ಕ ನೀ ಎಂಟಾಣೆ ಮುರಕೊಂತಿ ಏನು?"

ಅವಳನ್ನು ನನ್ನ ಹಿತ್ತಲಿಗೆ ಕರೆತಂದ. ಎಪ್ಪತ್ತೈದು ದಾಟಿರಬೇಕು, ಒಣಗಿದ ಸಣ್ಣ ಆಳು, ಮುಂಗೈ ಮಾತ್ರ ಗಂಡಸಿನ ಮುಂಗೈ. ಪಾತ್ರೆಗಳನ್ನೆಲ್ಲ ಒಲೆಗಿಟ್ಟು ಅವಳ ಹಾಡನ್ನೇ ಅವಳಿಗೆ ಕೇಳಿಸಿದೆವು. ಕಣ್ಣೀರು ಹಾಕುತ್ತಾಳೆ ಅಂತ ಹೂವಪ್ಪ ಟವೆಲು ಹಿಡಿದು ನಿಂತಿದ್ದ. ಅವಳು ಶೇಂಗಾ ತಿನ್ನುತ್ತ ಕೇಳಿ, ಇಲ್ಲಿ ಎಳೆದೆ, ಇಲ್ಲಿ ಶ್ರುತಿ ಬಿಟ್ಟೆ ಅಂತ ತಪ್ಪು ಹೇಳಿದಳು. ಒಂದು ಹಾಡು ಹೇಳವ್ವ ಅಂದರೆ, ಕೈಗೆ ಕೆಲಸವಿಲ್ಲದೆ ಬಾಯಿ ಬರುವುದಿಲ್ಲ ಅಂದಳು. ಮೌಲಾಲಿಯ ತಿದಿಯ ಮುಂದೆ ಕೂರಿಸಿದೆವು. ಒತ್ತಿದಳು, ಹಾಡಿದಳು. ದನಿ ಒಡೆದಿತ್ತು, ಆದರೆ ಒಡೆದ ಕಡೆಯಲ್ಲೇ ಅದು ಇನ್ನೂ ಚೆನ್ನಾಗಿತ್ತು. ಎಲ್ಲ ಹಾಡಿಗೂ ಕೊನೆ ಕಟ್ಟಿಕೊಟ್ಟಳು. ಚಪ್ಪಲಿಯ ಹಾಡಿಗೆ ಬಂದಾಗ ಮಾತ್ರ ಮೊದಲ ಮೂರು ಸಾಲು ಹಾಡಿ ಕೈ ನಿಲ್ಲಿಸಿದಳು.

"ಇದಕ್ಕ ಕೊನಿ ಐತಿ. ಮರತೇನಿ."

ಬೇರೆ ಯಾವುದನ್ನಾದರೂ ಸೇರಿಸು ಅಂತ ಹೂವಪ್ಪ ಅಂದ. ಅವಳು ತಲೆ ಅಲ್ಲಾಡಿಸಿದಳು. ಅದು ಅವಳ ಗಂಡ ಬಿಟ್ಟುಹೋದ ವಾರವೇ ಕಟ್ಟಿದ ಹಾಡಂತೆ. "ಉಳದದ್ದೆಲ್ಲ ಹೊಟ್ಟಿಪಾಡಿನ ಹಾಡ. ಇದು ಹಂಗಲ್ಲ. ಅಂವ ಹ್ವಾದ ಮ್ಯಾಲ ನಾ ಏನ ಅಂದಿದ್ನಿ, ಸಿಟ್ಟೋ, ಅಳುವೋ, ಅತ್ತೇ ಇರಬೇಕು, ಮಾತು ಮರತ ಹೋಗೇತಿ. ಅದೊಂದು ಗೊತ್ತಾದರ ಸಾಕಿತ್ತು."

ಇಷ್ಟು ಹೇಳುವಾಗ ಒಳಗೆ ಕೊಳಗ ಬಿಸಿಯಾಯಿತು. ಯಜಮಾನರು ಶುರು ಮಾಡಿದರು. ಅವಳು ಕಿವಿ ನಿಮಿರಿಸಿದಳು.

"ಯಾರಬೇ ಈ ಜಿಪುಣ?"

"ನನ್ನ ಗಂಡ," ಅಂದೆ.

"ಸತ್ತಾನೇನ?"

"ಹೂಂ."

ನಡುವೆ ತನ್ನ ಹಾಡಿನ ತುಣುಕು ಅವಳಿಗೂ ಕೇಳಿಸಿತು. ಕಲಾಯಿಯ ಕೆಲಸ ಗೊತ್ತಿದ್ದವಳು, ಕೊಳಗದ ಗಾತ್ರ ನೋಡಿದಳು, ತಳದ ಸವೆತ ನೋಡಿದಳು, ಎಲ್ಲ ಅರ್ಥ ಮಾಡಿಕೊಂಡಳು. ಹೂವಪ್ಪ ಬಾಯಿ ತೆರೆಯುವ ಮುಂಚೆ ಅವಳೇ ಅಂದಳು. "ಮುಟ್ಟಬ್ಯಾಡ್ರಿ ಅದನ್ನ. ನನ್ನ ಗಂಡಂದು ಚಪ್ಪಲಿ ಸೈತ ಉಳೀಲಿಲ್ಲ. ಈಕಿಗಿ ಮಾತಾದ್ರೂ ಇರಲಿ." ಆಮೇಲೆ ಊಟ ಮಾಡಿ, ಮೊಸರು ಹುಳಿ ಇದೆ ಅಂತ ಹೇಳಿ, ಸಂಜೆಯ ಬಸ್ಸಿಗೆ ಹೋದಳು.

ಅವಳು ಬೇಕು ಅಂದಿದ್ದರೆ ನಾನು ಕೊಡುತ್ತಿದ್ದೆನೋ ಇಲ್ಲವೋ. ಬೇಡ ಅಂದದ್ದರಿಂದ ಯೋಚನೆ ನನ್ನ ತಲೆಗೆ ಬಿತ್ತು. ಎರಡು ಮೂರು ದಿನ ಕೊಳಗದ ಮುಂದೆ ಕೂತು ಕೇಳಿದೆ. ಸತ್ಯ ಹೇಳಬೇಕೆಂದರೆ ಯಜಮಾನರೂ ಸವೆಯುತ್ತಿದ್ದರು. ಒಂದೊಂದು ಮಾತು ಅರ್ಧಕ್ಕೆ ಹಾರಿಹೋಗುತ್ತಿತ್ತು, ನಾನೇ ಮನಸ್ಸಿನಲ್ಲಿ ತುಂಬಿಸಿಕೊಳ್ಳುತ್ತಿದ್ದೆ. ಇನ್ನು ಸ್ವಲ್ಪ ವರ್ಷಕ್ಕೆ ಬರೀ ಗೊಣಗು ಉಳಿಯುತ್ತಿತ್ತು. ಆದರೆ ಗೊಣಗೂ ಅವರದೇ ಅಲ್ಲವೇ? ಅವರು ಮಾತಾಡಿದ್ದು ನನಗೆ ಬಾಯಿಪಾಠ, ಅದು ಹೋಗುವುದಿಲ್ಲ. ಬಾಯಿಪಾಠ ಬೇರೆ, ಕಿವಿಗೆ ಬೀಳುವುದು ಬೇರೆ, ಅದೂ ಗೊತ್ತು. ಎಷ್ಟು ತೂಗಿದರೂ ತಕ್ಕಡಿ ಸಮ ಆಗಲಿಲ್ಲ. ಕೊನೆಗೆ ಒಂದೇ ಮಾತು ಉಳಿಯಿತು. ನನ್ನ ಗಂಡ ಏನು ಅಂದಿದ್ದ ಅನ್ನುವುದು ನನಗೆ ಗೊತ್ತಿದೆ. ಅವಳು ತಾನು ಏನು ಅಂದಿದ್ದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ. ಅವಳಿಗೆ ವಯಸ್ಸಾಗಿದೆ.

ಹೂವಪ್ಪನಿಗೆ, ಫಕ್ಕೀರವ್ವನನ್ನು ಕರೆದುಕೊಂಡು ಬಾ ಅಂದೆ. ಮೌಲಾಲಿಗೆ ಇದ್ದಿಲು ತರಲು ಹೇಳಿದೆ. ಅವನು ಎರಡು ಸಲ ಕೇಳಿದ, ಅಕ್ಕಾ ಒರೆಸಿದರ ಮುಗೀತು ನೋಡ್ರಿ ಅಂತ. ಗೊತ್ತು, ಹಚ್ಚು ಬೆಂಕಿ ಅಂದೆ.

ಫಕ್ಕೀರವ್ವ ಬಂದವಳು ನನ್ನ ಮೇಲೆ ರೇಗಿದಳು, ಹುಚ್ಚಿ ಅಂದಳು. ಆಮೇಲೆ, ನನ್ನ ಹಾಡಿಗೆ ನಾನೇ ಒತ್ತುತ್ತೇನೆ ಅಂತ ತಿದಿಗೆ ಕೂತಳು. ಬೆಂಕಿಯ ಹದ ಅವಳ ಕೈಯಲ್ಲಿತ್ತು, ಮೌಲಾಲಿಯ ಕೈಯಲ್ಲಿ ಅರಳೆ.

ಮೇಲಿನ ಪದರ ಬೆವರಿತು. ಯಜಮಾನರು ಕೊನೆಯ ವರ್ಷದ ಚೌಕಾಸಿಯನ್ನು ಪೂರ್ತಿ ಮಾಡಿದರು, ಸವೆದ ಮಾತುಗಳೂ ಅದರಲ್ಲಿ ಹೇಗೋ ಬಂದವು. ಮೌಲಾಲಿ ನನ್ನ ಮುಖ ನೋಡಿದ. ತಲೆ ಆಡಿಸಿದೆ. ಒರೆಸಿದ. ಅದರ ಕೆಳಗಿನ ವರ್ಷ ಬಂತು, ಅದೇ ಮಾತು, ದನಿ ಮಾತ್ರ ಚೂರು ಗಟ್ಟಿ. ಒರೆಸಿದ. ಇನ್ನೂ ಕೆಳಗೆ ಕೆಮ್ಮು ಇರಲಿಲ್ಲ. ಇನ್ನೂ ಕೆಳಗೆ ಏದುಸಿರು ಇರಲಿಲ್ಲ. ಇದನ್ನು ನಾನು ಎಣಿಸಿರಲಿಲ್ಲ. ಪದರ ಕಳೆದಂತೆಲ್ಲ ಅವರು ಚಿಕ್ಕವರಾಗುತ್ತ ಹೋದರು. ಚೌಕಾಸಿಯ ಚಟ ಮಾತ್ರ ಕಡಿಮೆ ಆಗಲಿಲ್ಲ. ಒಂದು ಪದರದಲ್ಲಿ ಮೌಲಾಲಿಯ ಅಪ್ಪ, ಮೌಲಾ, ನವಸಾಗರದ ಪುಡಿ ತಾರೋ ಅಂತ ಕೂಗಿದ. ಮೌಲಾಲಿ, ತರತೇನಿ ಅಬ್ಬಾ ಅಂತ ಎದ್ದೇಬಿಟ್ಟ. ಅರ್ಧ ಎದ್ದವನು ಹಾಗೇ ಕೂತ. ಅದನ್ನು ಒರೆಸುವುದಕ್ಕೆ ಅವನಿಗೆ ತುಸು ಹೊತ್ತು ಹಿಡಿಯಿತು, ನಾವು ಯಾರೂ ಅವಸರ ಮಾಡಲಿಲ್ಲ.

ಯಜಮಾನರ ಪದರಗಳಲ್ಲಿ ಎಲ್ಲಕ್ಕಿಂತ ಕೆಳಗಿನದು, ಅಂದರೆ ಮೊಟ್ಟಮೊದಲನೆಯದು, ಬೆವರಿದಾಗ ಅದರಲ್ಲಿ ಅವರ ಜೊತೆ ಒಬ್ಬಳು ಹುಡುಗಿ ಇದ್ದಳು. ಅವರು ದರ ಎಳೆಯುತ್ತಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಕೊಟ್ಟ ಬಿಡ್ರಿ, ಬಿಸಲ ಏರಾಕತ್ತೇತಿ, ಜನ ನೋಡತಾರ ಅಂತ ನಡುನಡುವೆ ಹೇಳುತ್ತಿದ್ದಳು.

"ಈಕಿ ಯಾರರೀ ಅವ್ವಾರ?" ಹೂವಪ್ಪ ಕೇಳಿದ.

ತಿದಿ ಒತ್ತುತ್ತಲೇ ಫಕ್ಕೀರವ್ವ ಹೇಳಿದಳು. "ಯಾರಂದ್ರ? ಈಕೀನ. ಕಿವಿ ಇಲ್ಲೇನ ನಿನಗ?"

ಅಷ್ಟು ನಗುತ್ತಿದ್ದೆ ಅನ್ನುವುದು ನನಗೆ ನೆನಪೇ ಇರಲಿಲ್ಲ. ಖಾನಾವಳಿಯ ಸಾಲ, ಸಾಮಾನು, ಬೆಳಗಿನ ಜಾವದ ರೊಟ್ಟಿ, ಇಷ್ಟೇ ಆ ವರ್ಷದ್ದೆಂದು ತಲೆಯಲ್ಲಿ ಉಳಿದಿತ್ತು. ಪದರ ಮುಗಿಯಿತು. ಮೌಲಾಲಿ ಅರಳೆ ಹಿಡಿದು ಕಾದ. ಒರೆಸು ಅಂದೆ. ಒರೆಸಿದ.

ಆಮೇಲೆ ಬೆಂಕಿ ಆರಿಸಿ, ಕೊಳಗ ತಣ್ಣಗಾದ ಮೇಲೆ ತೊಳೆದು, ನೀರು ತುಂಬಿ, ನನ್ನ ಒಲೆಯ ಮೇಲೆ ಇಟ್ಟೆವು. ಹಿತ್ತಲು ತುಂಬ ಜನ. ನೀರು ಬಿಸಿಯಾಯಿತು. ಮೊದಲು ತಿದಿಯ ಉಸಿರು ಬಂತು, ಆಮೇಲೆ ಅವಳು. ಅಡ್ಡ ಬರಲು ಈಗ ಯಾರೂ ಇರಲಿಲ್ಲ. ಚಪ್ಪಲಿ ಹೋದದ್ದು, ಬಾಡಿಗೆಯವನು ಬಂದು ನಿಂತದ್ದು, ನೆರೆಯವರು ಇಣುಕಿದ್ದು, ಎಲ್ಲ ಒಂದೊಂದಾಗಿ ಬಂದವು. ಕೊಳಗ ದೊಡ್ಡದಿತ್ತು, ಸಾಕು ಅನ್ನುವ ಕೂಗು ಬರಲಿಲ್ಲ. ಕೊನೆಗೆ ಇದು.

ಓಣಿ ತುದಿತನ ಹ್ವಾದೆ ಬರಿಗಾಲಲೆ,
ಹೌದು, ಓಣಿ ತುದಿತನ ಹ್ವಾದೆ ಬರಿಗಾಲಲೆ,
ಮುಳ್ಳ ಮುರೀತು, ಕುಂತ ತಗದೆ, ಅವನ್ನ ಮರತಽ ಬಿಟ್ಟೆ.

ಮೊದಲು ಹೊಲಿಗೆ ಕ್ಲಾಸಿನ ಹುಡುಗಿಯರು ನಕ್ಕರು, ಆಮೇಲೆ ಎಲ್ಲರೂ. ಫಕ್ಕೀರವ್ವ ನಗಲಿಲ್ಲ. ಇನ್ನೊಂದು ಸಲ ಕಾಯಿಸು ಅಂದಳು. ನೀರು ಬದಲಿಸಿ ಇಟ್ಟೆ. ಎರಡನೆಯ ಸಲ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅತ್ತೇನಿ ಅಂತ ತಿಳಕೊಂಡಿದ್ನೆವ್ವ," ಅಂದಳು ನನಗೆ. "ಇಷ್ಟ ವರ್ಷ ನಾ ಅತ್ತೇನಿ ಅಂತಽ ತಿಳಕೊಂಡಿದ್ನಿ."

ಈಗ ಹೂವಪ್ಪನ ಬಸ್ಸಿನ ಊರುಗಳಲ್ಲೆಲ್ಲ ಆ ಹಾಡು ಗೊತ್ತು. ಮೌಲಾಲಿಯ ಹತ್ತಿರ ಬಂದು, ಸೋಬಾನೆ ಬೇಡ, ಫಕ್ಕೀರವ್ವನನ್ನು ಕರೆಸು ಅನ್ನುವವರಿದ್ದಾರೆ. ಅವಳು ಮನಸ್ಸು ಬಂದರೆ ಬರುತ್ತಾಳೆ, ಇಲ್ಲದಿದ್ದರೆ ಶೇಂಗಾ ಇದೆ ಅನ್ನುತ್ತಾಳೆ. ಅಂಗಡಿಯವರು ಊಟದ ಹೊತ್ತು ತಿಳಿಯದೆ ಒಂದಷ್ಟು ದಿನ ತಡವಾಗಿ ಬಂದು ಆರಿದ ಅನ್ನ ಉಂಡರು, ನಾನೇ ಒಂದು ಗೋಡೆ ಗಡಿಯಾರ ತಂದು ಹಾಕಿದೆ. ನನ್ನ ಗಂಡನ ದನಿ ಹೋಯಿತು, ಅದು ಈಗ ಯಾವ ಪಾತ್ರೆಯಲ್ಲೂ ಇಲ್ಲ. ಮೌಲಾಲಿಯ ಅಪ್ಪನದೂ ಹೋಯಿತು. ಒಂದು ಹಾಡು ಪೂರ್ತಿ ಸಿಕ್ಕಿತು, ಅದನ್ನು ಕಟ್ಟಿದವಳು ಬದುಕಿರುವಾಗಲೇ ಸಿಕ್ಕಿತು.